ಬೀಗದ ಕೀ ಯಾರ ಹತ್ತಿರ ಇದೆ? ಮೂರು ವಾರದ ಒಂದು ಅಧ್ಯಯನ ಪ್ರವಾಸ

ಹದಿನಾಲ್ಕು ವರ್ಷದಿಂದ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಧರ್ಮ ಮತ್ತು ಸರ್ಕಾರದ ಪಾಠ ಬಂದಾಗಲೆಲ್ಲ ಫ್ರಾನ್ಸ್ ಬಗ್ಗೆ ಒಂದೇ ಸಾಲು ಬರೆಸುತ್ತಿದ್ದೆ: 'ಅಲ್ಲಿ ಸರ್ಕಾರಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ.' ಕಳೆದ ಬೇಸಿಗೆಯಲ್ಲಿ ಮೂರು ವಾರ ಅಲ್ಲೇ ಇದ್ದು ಬಂದೆ. ಇನ್ನು ಆ ಸಾಲು ಬರೆಸಲು ನನ್ನಿಂದ ಆಗುವುದಿಲ್ಲ.

ಹೋಗಿದ್ದು ಒಂದು ಖಾಸಗಿ ಸಂಸ್ಥೆ ನಡೆಸುವ ಅಧ್ಯಯನ ಪ್ರವಾಸಕ್ಕೆ. ವಿಷಯ, ನಾಗರಿಕ ಸಮಾಜದಲ್ಲಿ ಧರ್ಮ ಮತ್ತು ಧರ್ಮನಿರಪೇಕ್ಷತೆ. ಒಂದು ವಾರ ಪ್ಯಾರಿಸ್, ಎರಡು ವಾರ ಸ್ಟ್ರಾಸ್‌ಬರ್ಗ್. ಜುಲೈ ಕೊನೆಗೆ ಶುರುವಾಗಿ ಆಗಸ್ಟ್ ಮಧ್ಯ ದಾಟಿದ ಮೇಲೆ ಮುಗಿಯಿತು. ತಂಡದಲ್ಲಿ ಇಪ್ಪತ್ತನಾಲ್ಕು ಜನ. ಜಾಸ್ತಿ ಕಾಲೇಜು ವಿದ್ಯಾರ್ಥಿಗಳು, ನನ್ನ ಹಾಗೆ ಕೆಲವು ಮೇಷ್ಟ್ರುಗಳು, ಒಬ್ಬರು ವಕೀಲರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಹೊರಗೆ ಓಡಾಟ. ಹೋಗಬಹುದಾ ಅಂತ ಬಹಳ ಜನ ಕೇಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಪ್ರವಾಸದಲ್ಲಿ ಸಿಕ್ಕ ದೊಡ್ಡ ಲಾಭ ನಮ್ಮ ಮಾರ್ಗದರ್ಶಿ. ನಿವೃತ್ತ ಇತಿಹಾಸ ಶಿಕ್ಷಕಿ. ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದೆವು. ಮೊದಲ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆಸಿದರು. ಈ ಕಟ್ಟಡ ಯಾರದು? ಇಲ್ಲಿನವರಿಗೆ ಸಂಬಳ ಯಾರು ಕೊಡುತ್ತಾರೆ? ಬೀಗದ ಕೀ ಯಾರ ಹತ್ತಿರ ಇರುತ್ತದೆ? "ಎಲ್ಲಿಗೆ ಹೋದರೂ ಈ ಮೂರು ಕೇಳಿ. ಸಿದ್ಧಾಂತ ಆಮೇಲೆ ನೋಡೋಣ" ಅಂದರು. ಮೂರು ವಾರವೂ ನಮ್ಮನ್ನು ನಡೆಸಿದ್ದು ಆ ಪುಟವೇ.

ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್ ಮುಂದೆ ನಿಂತು ಮೊದಲ ಪ್ರಶ್ನೆ ಕೇಳಿದೆವು. ಚರ್ಚಿನವರದು ಅಂತ ಎಲ್ಲರೂ ಅಂದುಕೊಂಡಿದ್ದೆವು. ಅಲ್ಲ, ಅದು ಸರ್ಕಾರದ್ದು. 1905ರ ಡಿಸೆಂಬರ್ 9ರ ಕಾನೂನು ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿತು ನಿಜ. ಆದರೆ ಅದಕ್ಕೂ ಮುಂಚೆ ಕಟ್ಟಿದ ಕೆಥೆಡ್ರಲ್‌ಗಳು ಸರ್ಕಾರದ ಕೈಯಲ್ಲೇ ಇವೆ, ಊರಿನ ಸಾಮಾನ್ಯ ಕ್ಯಾಥೊಲಿಕ್ ಚರ್ಚುಗಳು ಆಯಾ ಊರಿನ ಆಡಳಿತದವು. ಚರ್ಚಿಗೆ ಇರುವುದು ಬಳಸುವ ಹಕ್ಕು. 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದಾಗ ರಿಪೇರಿ ಜವಾಬ್ದಾರಿ ಸರ್ಕಾರದ ಮೇಲೆ ಬಂದದ್ದು ಇದಕ್ಕೇ. 2024ರಲ್ಲಿ ಮತ್ತೆ ತೆರೆಯುವ ಮುಂಚೆ ಸಂಸ್ಕೃತಿ ಸಚಿವೆ ಪ್ರವಾಸಿಗರಿಗೆ ಟಿಕೆಟ್ ಇಡೋಣ ಅಂದರು. ಬೇಡ, ಬಾಗಿಲು ಎಲ್ಲರಿಗೂ ಉಚಿತವಾಗಿಯೇ ಇರಲಿ ಅಂತ ಚರ್ಚಿನವರು ಪಟ್ಟು ಹಿಡಿದರು. ಮಾಲೀಕರು ಒಬ್ಬರು, ಬಾಗಿಲ ವಿಷಯದಲ್ಲಿ ಮಾತು ನಡೆದದ್ದು ಇನ್ನೊಬ್ಬರದು. ಇದನ್ನು 'ಸಂಬಂಧವೇ ಇಲ್ಲ' ಅಂತ ಹೇಗೆ ಹೇಳುವುದು?

ಕೀ ವಿಷಯ ನನಗೆ ಇನ್ನೂ ಇಷ್ಟವಾಯಿತು. ಹಳ್ಳಿಯ ಚರ್ಚಿನ ಗಂಟೆಗೋಪುರಕ್ಕೆ ಎರಡು ಕೀ. ಒಂದು ಪಾದ್ರಿಯ ಹತ್ತಿರ, ಇನ್ನೊಂದು ಊರಿನ ಮೇಯರ್ ಹತ್ತಿರ. 1906ರಲ್ಲೇ ಮಾಡಿದ ನಿಯಮ ಇದು. ಗಂಟೆ ಬರೀ ಪ್ರಾರ್ಥನೆಗಲ್ಲ, ಊರಿಗೆ ಅಪಾಯ ಬಂದರೂ ಬಾರಿಸಬೇಕಲ್ವಾ? ಒಂದು ದೊಡ್ಡ ಜಗಳವನ್ನು ಎರಡು ಕೀಯಿಂದ ಬಗೆಹರಿಸಿದವರ ಮೇಲೆ ನನಗೆ ಗೌರವ ಬಂತು.

ಪ್ಯಾರಿಸ್ಸಿನಲ್ಲೇ ಒಂದು ದೊಡ್ಡ ಎಡವಟ್ಟೂ ಆಯಿತು. ಅಲ್ಲಿನ ದೊಡ್ಡ ಮಸೀದಿಯ ಭೇಟಿಯನ್ನು ಸಂಸ್ಥೆಯವರು ಶುಕ್ರವಾರಕ್ಕೆ ಹಾಕಿದ್ದರು. ಶುಕ್ರವಾರ ಅಲ್ಲಿ ಪ್ರವಾಸಿಗರಿಗೆ ಪ್ರವೇಶ ಇಲ್ಲ. ಧರ್ಮದ ಬಗ್ಗೆ ಕಲಿಸುವವರೇ ಶುಕ್ರವಾರ ಯಾವ ದಿನ ಅಂತ ನೋಡದೆ ವೇಳಾಪಟ್ಟಿ ಮಾಡಿದ್ದು ನನಗೆ ತುಂಬಾ ಬೇಜಾರಾಯಿತು. ಇದು ಸಣ್ಣ ತಪ್ಪಲ್ಲ. ನಾವು ಯಾರನ್ನು ನೋಡಲು ಹೋಗುತ್ತೇವೋ ಅವರ ದಿನಚರಿ ತಿಳಿದುಕೊಳ್ಳುವುದೇ ಈ ಓದಿನ ಮೊದಲ ಪಾಠ. ಮೇಡಂ ನಮ್ಮನ್ನು ಎದುರಿನ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಕಥೆ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಿ ಸತ್ತ ಮುಸ್ಲಿಂ ಸೈನಿಕರ ನೆನಪಿಗೆ ಕಟ್ಟಿದ ಮಸೀದಿ ಅದು. ಉದ್ಘಾಟನೆ ಆಗಿದ್ದು 1926ರ ಜುಲೈನಲ್ಲಿ. ಯಾವ ಧರ್ಮಕ್ಕೂ ದುಡ್ಡು ಕೊಡುವುದಿಲ್ಲ ಅಂತ 1905ರಲ್ಲಿ ಬರೆದುಕೊಂಡ ದೇಶವೇ 1920ರಲ್ಲಿ ಇದಕ್ಕಾಗಿ 5 ಲಕ್ಷ ಫ್ರಾಂಕ್ ಮಂಜೂರು ಮಾಡಿತ್ತು. ಕಥೆ ಚೆನ್ನಾಗಿತ್ತು. ಆದರೆ ರಸ್ತೆಯ ಆಚೆ ಮಿನಾರ್ ಕಾಣುತ್ತಿದ್ದಾಗ, ಒಳಗಿನವರ ಬಾಯಿಂದಲೇ ಕೇಳಬೇಕಾಗಿದ್ದ ಮಾತನ್ನು ಹೊರಗೆ ಕೂತು ಕೇಳಿದೆವು. ಮರುದಿನಕ್ಕೆ ಬದಲಾಯಿಸಿ ಅಂತ ಕೇಳಿದರೆ ರೈಲು ಟಿಕೆಟ್ ಆಗಿಹೋಗಿದೆ ಅಂದರು.

ಸ್ಟ್ರಾಸ್‌ಬರ್ಗ್ ಈ ಪ್ರವಾಸದ ಜೀವ. ಈ ಊರನ್ನು ಆರಿಸಿದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕಾರಣ ಹೇಳುತ್ತೇನೆ. 1871ರಲ್ಲಿ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್ ಪ್ರದೇಶ ಜರ್ಮನಿಯ ಪಾಲಾಯಿತು. 1905ರ ಕಾನೂನು ಬಂದಾಗ ಅಲ್ಲಿ ಫ್ರಾನ್ಸ್ ಆಡಳಿತವೇ ಇರಲಿಲ್ಲ. 1918ರಲ್ಲಿ ವಾಪಸ್ ಬಂದ ಮೇಲೆ ಅಲ್ಲಿನ ಜನ ನಮ್ಮ ಹಳೆಯ ವ್ಯವಸ್ಥೆಯೇ ಇರಲಿ ಅಂದರು. 1924ರಲ್ಲಿ ಬದಲಾಯಿಸಲು ಹೊರಟ ಸರ್ಕಾರ ಜನರ ವಿರೋಧ ನೋಡಿ ಹಿಂದೆ ಸರಿಯಿತು. ಹಾಗಾಗಿ ನೆಪೋಲಿಯನ್ 1801ರಲ್ಲಿ ಪೋಪ್ ಜೊತೆ ಮಾಡಿಕೊಂಡ ಒಪ್ಪಂದ ಅಲ್ಲಿ ಇವತ್ತಿಗೂ ನಡೆಯುತ್ತಿದೆ. ಕ್ಯಾಥೊಲಿಕ್, ಪ್ರೊಟೆಸ್ಟೆಂಟರ ಎರಡು ಪಂಗಡಗಳಾದ ಲೂಥರನ್ ಮತ್ತು ರಿಫಾರ್ಮ್ಡ್, ಯಹೂದಿ, ಈ ನಾಲ್ಕರ ಪುರೋಹಿತರಿಗೆ ಸರ್ಕಾರದ ಸಂಬಳ. ಸರ್ಕಾರಿ ಶಾಲೆಯಲ್ಲಿ ಧರ್ಮದ ಪಾಠ. ಬೇಡ ಅನ್ನುವವರು ಬಿಡಬಹುದು. ಸ್ಟ್ರಾಸ್‌ಬರ್ಗಿನ ಆರ್ಚ್‌ಬಿಷಪ್ ನೇಮಕಕ್ಕೆ ಫ್ರಾನ್ಸ್ ಅಧ್ಯಕ್ಷರ ಸಹಿ ಬೇಕು. ಪ್ಯಾರಿಸ್ಸಿನಿಂದ ರೈಲಿನಲ್ಲಿ ಎರಡು ಗಂಟೆಗೂ ಕಮ್ಮಿ ದಾರಿ, ಅಷ್ಟರಲ್ಲಿ ನಮ್ಮ ಎರಡನೇ ಪ್ರಶ್ನೆಗೆ ಉತ್ತರವೇ ತಿರುಗಿಬಿಟ್ಟಿತ್ತು. ಆ ನಾಲ್ಕರಲ್ಲಿ ಇಸ್ಲಾಂ ಇಲ್ಲ. ಆದರೆ 1905ರ ನಿಷೇಧ ಅಲ್ಲಿಗೆ ಅನ್ವಯಿಸುವುದಿಲ್ಲವಾದ್ದರಿಂದ 2012ರಲ್ಲಿ ತೆರೆದ ಅಲ್ಲಿನ ದೊಡ್ಡ ಮಸೀದಿಗೆ ನಗರಾಡಳಿತವೂ ದುಡ್ಡು ಕೊಟ್ಟಿದೆ. ಇಲ್ಲಿ ಮಾತ್ರ ಒಳಗೆ ಹೋದೆವು, ಒಂದೂವರೆ ಗಂಟೆ ಕೂತು ಮಾತಾಡಿದೆವು.

ಒಂದು ಮಧ್ಯಾಹ್ನ ಡಿ ಮಾರ್ಗದ ಟ್ರಾಮ್ ಹತ್ತಿಸಿದರು. ರೈನ್ ನದಿಯ ಸೇತುವೆ ದಾಟಿದರೆ ಜರ್ಮನಿಯ ಕೇಲ್ ಎಂಬ ಊರು. 2017ರಿಂದ ಈ ಟ್ರಾಮ್ ಅಲ್ಲಿಯವರೆಗೂ ಹೋಗುತ್ತದೆ. ಅಲ್ಲಿ ಮೂರನೇ ವ್ಯವಸ್ಥೆ. ಚರ್ಚಿನ ಸದಸ್ಯರಾದವರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ. ಆ ರಾಜ್ಯದಲ್ಲಿ ಆದಾಯ ತೆರಿಗೆಯ ಶೇ. 8ರಷ್ಟು. ಚರ್ಚ್ ಸಭಾಂಗಣದಲ್ಲಿ ಒಬ್ಬ ನರ್ಸ್ ತನ್ನ ಸಂಬಳದ ಚೀಟಿ ತಂದು ಮೇಜಿನ ಮೇಲೆ ಹರವಿದರು. ಹೆಸರು, ಮೊತ್ತ ಎರಡನ್ನೂ ಬೆರಳಿನಿಂದ ಮುಚ್ಚಿಕೊಂಡು ಒಂದು ಸಾಲು ತೋರಿಸಿದರು. ಧರ್ಮ ಅಂತ ಕೇಳುವ ಜಾಗದಲ್ಲಿ ಎರಡೇ ಅಕ್ಷರ, ಪಕ್ಕದಲ್ಲಿ ಕಡಿತದ ಲೆಕ್ಕ. "ನನ್ನ ತಂಗಿ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಚರ್ಚ್ ಬಿಟ್ಟಳು. ದೇವರನ್ನು ಬಿಟ್ಟಿಲ್ಲ, ತೆರಿಗೆ ಬಿಟ್ಟೆ ಅನ್ನುತ್ತಾಳೆ. ನಾನು ಉಳಿದುಕೊಂಡೆ, ಇದೇ ಚರ್ಚಿನ ಶಿಶುವಿಹಾರದಲ್ಲಿ ನನ್ನ ಮಕ್ಕಳು ಬೆಳೆದದ್ದು" ಅಂದರು. ಆ ಚೀಟಿ ನೋಡಿದ ಮೇಲೆ ತರಗತಿಯ ಸ್ಲೈಡುಗಳು ಸಪ್ಪೆ ಅನ್ನಿಸಿದವು.

ಇನ್ನೊಂದು ದಿನ ದ್ರಾಕ್ಷಿ ತೋಟಗಳ ನಡುವಿನ ಹುನಾವೀರ್ ಎಂಬ ಹಳ್ಳಿಗೆ ಹೋದೆವು. ಗುಡ್ಡದ ಮೇಲೆ ಕೋಟೆ ಗೋಡೆಯ ಒಳಗೆ ಒಂದು ಚರ್ಚ್. 17ನೇ ಶತಮಾನದಿಂದ ಅದನ್ನು ಕ್ಯಾಥೊಲಿಕ್ಕರು, ಪ್ರೊಟೆಸ್ಟೆಂಟರು ಇಬ್ಬರೂ ಬಳಸುತ್ತಾರೆ. ಹದಿನಾಲ್ಕನೇ ಲೂಯಿಯ ಕಾಲದಲ್ಲಿ ರಾಜನ ಒತ್ತಾಯಕ್ಕೆ ಶುರುವಾದ ಪದ್ಧತಿ, ಪ್ರೀತಿಯಿಂದ ಆಗಿದ್ದಲ್ಲ. ಮೇಡಂ ಇದನ್ನು ಒತ್ತಿ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ತುಂಬಾ ಹೊತ್ತು ಕೂತೆ. ಎರಡು ಥರದ ಹಾಡಿನ ಪುಸ್ತಕ, ಬೇರೆ ಬೇರೆ ಕಟ್ಟು. ಗುಡಿಸುವ ಪೊರಕೆ ಮಾತ್ರ ಒಂದೇ, ಬಾಗಿಲ ಹಿಂದೆ ಒರಗಿಸಿತ್ತು. ಬಲವಂತದಿಂದ ಶುರುವಾದದ್ದು ಮುನ್ನೂರು ವರ್ಷದಲ್ಲಿ ಹೀಗೆ ಪೊರಕೆ ಹಂಚಿಕೊಳ್ಳುವಷ್ಟು ಸಹಜವಾಗಬಹುದಾ ಅಂತ ಯೋಚಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ಬಸ್ ಹೊರಟಿದೆ ಅಂತ ಕರೆದರು. ಅಲ್ಲಿ ನಮಗೆ ಕೊಟ್ಟದ್ದು ಬರೀ ನಲವತ್ತು ನಿಮಿಷ. ಅದೇ ದಿನ ಹತ್ತಿರದ ಪೇಟೆಯಲ್ಲಿ ಸುಮ್ನೆ ಅಂಗಡಿ ಸುತ್ತಲು ಎರಡು ಗಂಟೆ ಬಿಟ್ಟರು. ಇದು ಯಾವ ಲೆಕ್ಕ?

ಬೆಳಗಿನ ಪಾಠಗಳಲ್ಲಿ ಕೆಲವು ಚೆನ್ನಾಗಿದ್ದವು, ಕೆಲವು ಬರೀ ಓದಿ ಹೇಳಿದ್ದು. ಮರೆಯದೇ ಇರುವುದು ಅಣಕು ನ್ಯಾಯಾಲಯ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇರುವುದು ಅದೇ ಊರಿನಲ್ಲಿ. ಇಟಲಿಯ ಸರ್ಕಾರಿ ಶಾಲೆಯ ತರಗತಿಗಳಲ್ಲಿ ಶಿಲುಬೆ ಇರಬಹುದಾ ಎಂಬ ಲಾವುತ್ಸಿ ಪ್ರಕರಣವನ್ನು ಕೊಟ್ಟರು. 2009ರಲ್ಲಿ ಚಿಕ್ಕ ಪೀಠ ಅದು ಹಕ್ಕಿನ ಉಲ್ಲಂಘನೆ ಅಂತ ಒಮ್ಮತದಿಂದ ಹೇಳಿತು. 2011ರಲ್ಲಿ 17 ನ್ಯಾಯಾಧೀಶರ ದೊಡ್ಡ ಪೀಠ 15-2ರಿಂದ ಅದನ್ನು ತಿರುಗಿಸಿತು. ಯಾರ ಪರ ವಾದಿಸಬೇಕು ಅಂತ ಚೀಟಿ ಎತ್ತಿಸಿದರು. ನನ್ನ ನಂಬಿಕೆಗೆ ವಿರುದ್ಧವಾಗಿ ನನಗೆ ಇಟಲಿಯ ಪರ ಬಂತು. ರಾತ್ರಿಯೆಲ್ಲ ಓದಿ ತಯಾರಾದೆ. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಎದುರು ಬದಿಯಲ್ಲಿ ಇಷ್ಟು ತೂಕದ ವಾದ ಇದೆ ಅಂತ ನನಗೆ ಅಂದಾಜೇ ಇರಲಿಲ್ಲ. ಈ ಒಂದು ದಿನಕ್ಕೆ ಇನ್ನೂ ಎರಡು ದಿನ ಸೇರಿಸಿದ್ದರೂ ನಾನು ಖುಷಿಯಿಂದ ಕೂರುತ್ತಿದ್ದೆ.

ಈಗ ದೊಡ್ಡ ದೂರು. ಪ್ರವಾಸದ ಹೆಸರಲ್ಲೇ 'ನಾಗರಿಕ ಸಮಾಜ' ಇದೆ. ಸಂಘಸಂಸ್ಥೆಗಳನ್ನು ನಾಲ್ಕು ಕಡೆ ಭೇಟಿ ಮಾಡಿಸುತ್ತೇವೆ ಅಂತ ಬರೆದುಕೊಟ್ಟಿದ್ದರು. ನಡೆದದ್ದು ಒಂದೇ. ಆಗಸ್ಟಿನಲ್ಲಿ ಫ್ರಾನ್ಸ್ ಪೂರ್ತಿ ರಜೆಗೆ ಹೋಗುತ್ತದೆ, ಸಂಘಗಳಿಗೂ ಬೀಗ. ಶಾಲೆಗಳಂತೂ ಮುಚ್ಚಿರುತ್ತವೆ. ಸರ್ಕಾರಿ ಶಾಲೆಯಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತು ಧರಿಸಬಾರದು ಎಂಬ 2004ರ ಕಾನೂನಿನ ಬಗ್ಗೆ ಮೂರು ದಿನ ಚರ್ಚೆ ಮಾಡಿದೆವು. ಅದರಡಿ ಓದುವ ಒಂದು ಮಗುವನ್ನೂ ಮಾತಾಡಿಸಲಿಲ್ಲ, ಒಬ್ಬ ಟೀಚರನ್ನೂ ಕೇಳಲಿಲ್ಲ. ಆಗಸ್ಟ್ 15 ಮೇರಿಯ ಸ್ವರ್ಗಾರೋಹಣದ ಹಬ್ಬ, ಅವತ್ತು ದೇಶಕ್ಕೆಲ್ಲ ಸರ್ಕಾರಿ ರಜೆ. ಫ್ರಾನ್ಸಿನ 11 ರಾಷ್ಟ್ರೀಯ ರಜೆಗಳಲ್ಲಿ 6 ಕ್ರೈಸ್ತ ಹಬ್ಬಗಳಿಂದ ಬಂದವು, ಅಲ್ಸಾಸಿನಲ್ಲಿ ಇನ್ನೂ ಎರಡು ಸೇರುತ್ತವೆ. ಇದು ಒಳ್ಳೆಯ ಪಾಠವೇ. ಆದರೆ ಅವತ್ತು ಗ್ರಂಥಾಲಯದಲ್ಲಿ ಸ್ವಂತ ಓದು ಅಂತ ನಮ್ಮ ಪಟ್ಟಿಯಲ್ಲಿತ್ತು. ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆವು. ಶುಕ್ರವಾರ ಆದ ತಪ್ಪೇ ಎರಡನೇ ಸಲ ಆಯಿತು.

ನಡೆದ ಆ ಒಂದು ಭೇಟಿ ಮಾತ್ರ ಚಿನ್ನದಂಥದ್ದು. ಆಶ್ರಯ ಕೇಳಿ ಬಂದವರಿಗೆ ಫ್ರೆಂಚ್ ಕಲಿಸುವ ಸಣ್ಣ ಸಂಘ. ಕೋಣೆ ಪ್ರೊಟೆಸ್ಟೆಂಟ್ ಚರ್ಚಿನದು, ಕಲಿಸುವವರಲ್ಲಿ ಎಲ್ಲ ಥರದವರೂ ಇದ್ದರು, ಕರೆಂಟ್ ಬಿಲ್ ಸಂಘ ಕಟ್ಟುತ್ತದೆ, ನಗರಾಡಳಿತ ಸ್ವಲ್ಪ ಅನುದಾನ ಕೊಡುತ್ತದೆ. ಸರ್ಕಾರಿ ದುಡ್ಡು ಪಡೆಯುವ ಸಂಘಗಳು ಗಣರಾಜ್ಯದ ತತ್ವಗಳಿಗೆ ಬದ್ಧ ಅಂತ ಬರೆದುಕೊಡಬೇಕು. 2021ರ ಕಾನೂನು ತಂದ ನಿಯಮ ಇದು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದರು. "ನಾವು ಹೇಗೂ ಪಾಲಿಸುವುದನ್ನೇ ಬರೆದಿದೆ, ಸಹಿ ಹಾಕಿದರೆ ಏನಾಯಿತು?" ಅಂತ ಖಜಾಂಚಿ ಅಂದರು. ಪಕ್ಕದಲ್ಲಿ ಕೂತಿದ್ದ ಹಿರಿಯ ಮಹಿಳೆ ತಲೆ ಆಡಿಸಿದರು. "ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೆ ನೀವು ಸರಿಯಾದವರಾ ಅಂತ ಕೇಳಿದ ಹಾಗಾಯಿತು ನನಗೆ." ಇಬ್ಬರೂ ನಮ್ಮೆದುರೇ ಹತ್ತು ನಿಮಿಷ ವಾದ ಮಾಡಿದರು. ಆಮೇಲೆ ಇಬ್ಬರೂ ಸೇರಿ ಮೇಜು ಕುರ್ಚಿ ಸಾಲಾಗಿ ಹಾಕಿದರು, ಸಂಜೆಯ ತರಗತಿಗೆ ಹೊತ್ತಾಗಿತ್ತು. ಕೀ ಖಜಾಂಚಿಯ ಹತ್ತಿರ ಇತ್ತು. ಅದರ ಇನ್ನೊಂದು ಪ್ರತಿ ಪಾದ್ರಿಯ ಹತ್ತಿರವಂತೆ. ಇಂಥ ಭೇಟಿ ನಾಲ್ಕು ಆಗಿದ್ದರೆ ಈ ಪ್ರವಾಸಕ್ಕೆ ನಾನು ಯಾವ ಕೊರತೆಯನ್ನೂ ಹೇಳುತ್ತಿರಲಿಲ್ಲ.

ವಸತಿ ಸ್ವಚ್ಛವಾಗಿತ್ತು, ಓಡಾಟಕ್ಕೆ ಟ್ರಾಮ್ ಪಾಸ್ ಕೊಟ್ಟಿದ್ದರು. ಓದಬೇಕಾದ ಲೇಖನಗಳು ಮಾತ್ರ ಹೊರಡುವ ಮೂರು ದಿನ ಮುಂಚೆ ಬಂದವು. ತಿಂಗಳ ಮುಂಚೆ ಕಳಿಸಬೇಕಿತ್ತು. ಇಪ್ಪತ್ತನಾಲ್ಕು ಜನರ ಗುಂಪೂ ದೊಡ್ಡದಾಯಿತು. ಸಣ್ಣ ಕೋಣೆಗೆ ಇಷ್ಟು ಜನ ನುಗ್ಗಿದರೆ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ಹೋಗಬಹುದಾ? ಖಂಡಿತ ಹೋಗಿ. ಜೂನ್ ತಂಡಕ್ಕೇ ಹೆಸರು ಕೊಡಿ, ಆಗ ಶಾಲೆ, ಸಂಘ ಎಲ್ಲ ತೆರೆದಿರುತ್ತವೆ. ದುಡ್ಡು ಕಟ್ಟುವ ಮುಂಚೆ ದಿನಾಂಕ ಸಮೇತ ವೇಳಾಪಟ್ಟಿ ಕೇಳಿ ಇಸಿದುಕೊಳ್ಳಿ. ಶುಕ್ರವಾರ, ಶನಿವಾರ, ಭಾನುವಾರ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅಂತ ನೋಡಿ. ಯಾವ ಸಂಘದವರು ಭೇಟಿಗೆ ಒಪ್ಪಿದ್ದಾರೆ, ಬರವಣಿಗೆಯಲ್ಲಿ ಇದೆಯಾ ಅಂತ ಕೇಳಿ. ಮತ್ತೆ, ಹುನಾವೀರ್‌ಗೆ ಒಂದು ಪೂರ್ತಿ ಮಧ್ಯಾಹ್ನ ಬಿಡಿ ಅಂತ ನಾನು ಅವರಿಗೆ ಪತ್ರ ಬರೆದಿದ್ದೇನೆ. ನೀವೂ ಬರೆಯಿರಿ.