ಬಳ್ಳಾರಿಯ ಸ್ಕ್ಯಾನಿಂಗ್ ಸೇವೆ: ಕೆಲಸ ಚೆನ್ನ, ಮೂಲ ಕಾಗದ ಮಾತ್ರ ಬಿಟ್ಟುಕೊಡಬೇಡಿ

ಹಳೇ ಕಂಪನಿ ಕಡತಗಳನ್ನು ಇಲ್ಲಿ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಕೊಡುತ್ತಾರೆ. ಲೆಡ್ಜರ್ ಹೊಲಿಗೆ ಬಿಚ್ಚದೆ ಮೇಲಿನಿಂದಲೇ ಚಿತ್ರ ತೆಗೆಯುತ್ತಾರೆ. ಮಡಿಕೆಯೊಳಗಿನ ಪೆನ್ಸಿಲ್ ಅಂಕಿಯೂ ಓದಲು ಬರುತ್ತದೆ. ತುಂಬಾ ಅಚ್ಚುಕಟ್ಟು.

ಸ್ಕ್ಯಾನ್ ಆದಮೇಲೆ ಕಾಗದ ಚೂರು ಮಾಡುವ ಪ್ಯಾಕೇಜ್ ಮಾತ್ರ ಬೇಡವೇ ಬೇಡ. 2013ರ ಕಂಪನಿ ಕಾಯ್ದೆಯಂತೆ ಲೆಕ್ಕಪತ್ರಗಳು ಕನಿಷ್ಠ 8 ಹಣಕಾಸು ವರ್ಷ ಇರಬೇಕು. ಸದಸ್ಯರ ರಿಜಿಸ್ಟರ್, ಸಭೆಯ ನಡಾವಳಿ ಪುಸ್ತಕ ಶಾಶ್ವತ. ಸಹಿ ವಿವಾದವಾದರೆ ಶಾಯಿಯ ಪರೀಕ್ಷೆಗೆ ಮೂಲವೇ ಬೇಕು, ಪಿಡಿಎಫ್ ಸಾಲದು.

ವಾಪಸ್ ಬಂದ ಕಟ್ಟುಗಳಲ್ಲಿ ಸ್ಟೇಪ್ಲರ್ ಪಿನ್ ಹಾಗೇ ಇದ್ದವು, ಅದೊಂದು ಕೊರತೆ. ಪಿನ್ ತುಕ್ಕು ಹಿಡಿದರೆ ಸುತ್ತಲಿನ ಕಾಗದ ಕಂದಾಗಿ ಉದುರುತ್ತದೆ. ತೆಗೆದು ಹತ್ತಿ ದಾರ ಕಟ್ಟಿ. ಇಲ್ಲಿನ ಗಣಿ ಅದಿರಿನ ಕೆಂಪು ಧೂಳು ತಾಗದಂತೆ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಗೆದ್ದಲಿಗಾಗಿ ಕಬ್ಬಿಣದ ರ‍್ಯಾಕನ್ನು ಗೋಡೆಯಿಂದ ಸರಿಸಿ, ಕೆಳಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ.