ಗೇಟು ಮುಚ್ಚುವ ಮೊದಲು ದಾರಿ ತೋರಿಸಿದರು: ಹೆದ್ದಾರಿ ಪ್ರವೇಶ ಯೋಜನೆಯ ಸೇವೆ ಹೇಗಿತ್ತು

ನನ್ನ ಗ್ಯಾರೇಜಿನ ಗೇಟು ನೇರವಾಗಿ ಹೆದ್ದಾರಿಗೇ ತೆರೆಯುತ್ತದೆ. ಹಾಗಾಗಿ ಈ ಸೇವೆಯ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಹೆದ್ದಾರಿಗೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಗೇಟು ಉಳಿಯಬೇಕು ಅಂತ ರಸ್ತೆ ಪಕ್ಕದವರ ಜೊತೆ ಕೂತು ಯೋಜನೆ ಮಾಡಿಕೊಡುವ ತಂಡ ಇದು. ಕೆಲಸ ಚೆನ್ನಾಗಿದೆ. ಕೊರತೆಗಳೂ ಇವೆ. ಆದರೂ ಹೆದ್ದಾರಿ ಬದಿಯಲ್ಲಿ ಬದುಕುವ ಎಲ್ಲರಿಗೂ ಇಂಥದ್ದೊಂದು ಸಿಗಲಿ ಅಂತ ನನ್ನಾಸೆ.

ಮೊದಲ ಸಭೆಯಲ್ಲೇ ಮೇಜಿನ ಮೇಲೆ ನಕ್ಷೆ ಹಾಸಿ, ನಮ್ಮ ಕೈಗೆ ಪೆನ್ನು ಕೊಟ್ಟರು. ವಾಹನಗಳ ದಾರಿ ಒಂದಕ್ಕೊಂದು ಸಿಕ್ಕುವ ಜಾಗಕ್ಕೆಲ್ಲ ಚುಕ್ಕೆ ಇಡಿ ಅಂದರು. ನಾಲ್ಕು ರಸ್ತೆ ಕೂಡುವ ಮಾಮೂಲಿ ಜಂಕ್ಷನ್ನಿನಲ್ಲಿ 32 ಚುಕ್ಕೆ ಬೀಳುತ್ತವೆ. ಮೂರು ರಸ್ತೆ ಕೂಡುವಲ್ಲಿ 9. ನನ್ನ ಗೇಟಿನ ಮುಂದೆಯೂ 9 ಬಿದ್ದವು! ಡಿವೈಡರ್ ಮುಚ್ಚಿ, ಹತ್ತಿರದ ಬದಿಯಿಂದಲೇ ಒಳಗೆ ಬಂದು ಅದೇ ಬದಿಗೆ ಹೊರಗೆ ಹೋಗುವಂತೆ ಮಾಡಿದರೆ ಉಳಿಯುವುದು ಎರಡೇ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಚಾಲಕ ಅಡ್ಡಿಯನ್ನು ನೋಡಿ, ಬ್ರೇಕ್ ಹಾಕಿ ನಿಲ್ಲಿಸಲು ಅಮೆರಿಕದ ರಸ್ತೆ ವಿನ್ಯಾಸದ ಮಾನದಂಡ ಲೆಕ್ಕ ಹಾಕುವ ದೂರ 185 ಮೀಟರ್. ಅಷ್ಟರೊಳಗೆ ಸಾಲಾಗಿ ಗೇಟುಗಳಿದ್ದರೆ ಪಾಪ, ಅವನು ಯಾವುದನ್ನು ಅಂತ ನೋಡುತ್ತಾನೆ?

ನನಗೆ ತುಂಬಾ ಹಿಡಿಸಿದ್ದು ಹಂತಗಳನ್ನು ಜೋಡಿಸಿದ ರೀತಿ. ಮೊದಲು ಅಗ್ಗದ ಕೆಲಸ: ನೋಟಕ್ಕೆ ಅಡ್ಡವಾದ ಪೊದೆ, ಬೋರ್ಡು ತೆಗೆಯುವುದು, ಬಣ್ಣದ ಗೆರೆ ಎಳೆಯುವುದು, ಪ್ಲಾಸ್ಟಿಕ್ ಕಂಬ ನೆಟ್ಟು ಡಿವೈಡರನ್ನು ಪ್ರಯೋಗಕ್ಕೆ ಮುಚ್ಚಿ ನೋಡುವುದು. ಆಮೇಲೆ ಅಕ್ಕಪಕ್ಕದ ಗೇಟುಗಳನ್ನು ಒಂದು ಮಾಡಿ, ಅಂಗಳದಿಂದ ಅಂಗಳಕ್ಕೆ ಒಳದಾರಿ ಬಿಡುವುದು. ಅದಾದ ಮೇಲೆ ಸರ್ವಿಸ್ ರಸ್ತೆ. ಮೇಲ್ಸೇತುವೆಯ ಮಾತು ಎಲ್ಲಕ್ಕಿಂತ ಕೊನೆಗೆ. ಯಾವ ಹಂತಕ್ಕೂ ಸುಮ್ನೆ ಒಂದು ಇಸವಿ ಬರೆದಿಲ್ಲ. ವಾಹನಗಳ ಎಣಿಕೆ ಇಷ್ಟಾದರೆ, ಅಪಘಾತಗಳು ಹೀಗೆ ಮುಂದುವರಿದರೆ ಮುಂದಿನ ಹಂತ ಅಂತ ಬರೆದಿದ್ದಾರೆ. ಬೇರೆ ದಾರಿ ಓಡಾಟಕ್ಕೆ ತೆರೆಯುವವರೆಗೆ ಹಳೆಯ ಗೇಟು ಮುಚ್ಚುವಂತಿಲ್ಲ ಅನ್ನುವ ಮಾತನ್ನು ನಾವು ಹಟ ಹಿಡಿದು ಸೇರಿಸಿದೆವು. ಅವರು ಅಡ್ಡಿ ಹೇಳಲಿಲ್ಲ. ಜನ ವಿರೋಧ ಬಿಟ್ಟು ಮಾತಿಗೆ ಕೂತಿದ್ದೇ ಆ ಒಂದು ಸಾಲಿನಿಂದ.

ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಅದನ್ನು ಅವರು ಹಗುರವಾಗಿ ತಳ್ಳಿಹಾಕಲಿಲ್ಲ. ಹುಡುಕಿಕೊಂಡು ಬರುವ ಗಿರಾಕಿ ಒಂದು ಯೂ ಟರ್ನ್ ಜಾಸ್ತಿಯಾದರೂ ಬರುತ್ತಾನೆ. ಹೋಗುತ್ತಾ ಕಣ್ಣಿಗೆ ಬಿದ್ದರೆ ನಿಲ್ಲಿಸುವವನನ್ನು ಕಳೆದುಕೊಳ್ಳಬಹುದು ಅಂತ ನೇರವಾಗಿಯೇ ಹೇಳಿದರು. ನನ್ನದು ಮೊದಲನೇ ಬಗೆಯ ವ್ಯಾಪಾರ. ಪೆಟ್ರೋಲ್ ಬಂಕಿನವರದು ಎರಡನೆಯದು. ಅವರಿಗೆ ಮುಂಚೆಯೇ ಕಾಣುವ ಫಲಕ, ವೇಗ ತಗ್ಗಿಸಿ ಒಳಗೆ ಬರಲು ಪ್ರತ್ಯೇಕ ಲೇನು ಸಿಕ್ಕಿತು. ಉದ್ದನೆಯ ಲಾರಿ ಒಂದೇ ಸಲಕ್ಕೆ ತಿರುಗುವುದಿಲ್ಲ ಅಂತ ನಾನು ಹೇಳಿದ್ದಕ್ಕೆ, ಯೂ ಟರ್ನ್ ಎದುರಿನ ಅಂಚನ್ನು ಅಗಲ ಮಾಡಿ ನಕ್ಷೆ ತಿದ್ದಿದರು.

ಇನ್ನು ಕೊರತೆ. ಶುರುವಿನ ಸಭೆಗಳನ್ನೆಲ್ಲ ಕೆಲಸದ ಹೊತ್ತಿನಲ್ಲೇ ಇಟ್ಟರು. ಅಂಗಡಿ ಬಿಟ್ಟು ಬರಲಾಗದವರ ಮಾತು ತಡವಾಗಿ ಸೇರಿತು. ಅದಕ್ಕಿಂತ ದೊಡ್ಡದು, ನಡೆದು ಹೋಗುವವರ ವಿಚಾರ. ಡಿವೈಡರ್ ಮುಚ್ಚಿದರೆ ಕಾರಿನವರಿಗೆ ಸ್ವಲ್ಪ ಸುತ್ತು, ಅಷ್ಟೇ. ಬಸ್ ಇಳಿದ ಅಜ್ಜಿ ಎಲ್ಲಿ ದಾಟಬೇಕು? ಮೊದಲ ನಕ್ಷೆಯಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ದಾಟುವ ಜಾಗ ದೂರವಾದರೆ ಜನ ಡಿವೈಡರ್ ಹತ್ತುತ್ತಾರೆ. ಯೂ ಟರ್ನ್ ದೂರವಾದರೆ ಬೈಕಿನವರು ಎದುರು ದಿಕ್ಕಿನಲ್ಲೇ ನುಗ್ಗುತ್ತಾರೆ. ಇದು ರಸ್ತೆ ಬದಿಯಲ್ಲಿ ನಿಂತವರಿಗೆ ಗೊತ್ತಿರುವ ಸಂಗತಿ ಅಲ್ವಾ? ಬಸ್ ನಿಲ್ದಾಣ, ದಾಟುವ ಜಾಗ ಎರಡನ್ನೂ ಮೊದಲ ಹಂತಕ್ಕೇ ತರಿಸಲು ನಾವು ಜೋರಾಗಿ ಕೇಳಬೇಕಾಯಿತು.

ಇನ್ನೊಂದು ಕೆಲಸ ಬಾಕಿ ಇದೆ. ನಾನೂ ಪಕ್ಕದವರೂ ಒಂದೇ ಗೇಟು ಹಂಚಿಕೊಳ್ಳಲು ಒಪ್ಪಿದ್ದೇವೆ. ಆದರೆ ನಾಳೆ ಅವರು ಜಾಗ ಮಾರಿದರೆ? ಬಾಯಿಮಾತು ಸಾಲದು, ದಾರಿಯ ಹಕ್ಕು ಎರಡೂ ಜಾಗದ ದಾಖಲೆಯಲ್ಲಿ ಸೇರಬೇಕು. ಅಮೆರಿಕದ ಕೊಲೊರಾಡೊ ರಾಜ್ಯ 1981ರಲ್ಲೇ ಹೆದ್ದಾರಿ ಪ್ರವೇಶಕ್ಕೆ ಪ್ರತ್ಯೇಕ ನಿಯಮಾವಳಿ ತಂದು, ಅನುಮತಿ ಪತ್ರದ ಪದ್ಧತಿ ನಡೆಸಿಕೊಂಡು ಬಂದಿದೆ. ಅಂಥ ಗಟ್ಟಿ ಕಾಗದ ನಮಗೂ ಬೇಕು. ಈ ಸೇವೆ ಪಡೆಯುವವರು ಗೇಟು ಒಂದು ಮಾಡಲು ಒಪ್ಪುವ ಮೊದಲೇ ದಾರಿಯ ಹಕ್ಕಿನ ಪತ್ರದ ಕರಡನ್ನು ಕೇಳಿ ಪಡೆಯಿರಿ. ನಮಗೆ ಮುಂದಿನ ಸಭೆಯಲ್ಲಿ ಕೊಡುತ್ತೇವೆ ಎಂದಿದ್ದಾರೆ.