ಇಂಕ್ ಸಬ್‌ಸ್ಕ್ರಿಪ್ಶನ್ ಪ್ರಿಂಟರ್: ಮೂರು ವರ್ಷ ಬಳಸಿದ ಮೇಲೆ

ಪ್ರಿಂಟರ್ ಕೊಂಡ ದಿನವೇ ಇಂಕ್ ಸಬ್‌ಸ್ಕ್ರಿಪ್ಶನ್ ಕೂಡ ತಗೊಂಡಿದ್ದೆ. ಕಂಪನಿ ಹೆಸರು ಬೇಡ, ಈ ಪದ್ಧತಿಯ ಬಗ್ಗೆ ಹೇಳಬೇಕು. ಇದರಲ್ಲಿ ದುಡ್ಡು ಇಂಕಿಗಲ್ಲ, ಪುಟಕ್ಕೆ: ತಿಂಗಳಿಗೆ ಇಂತಿಷ್ಟು ಪುಟ ಅಂತ ನಿಗದಿ ದುಡ್ಡು ಕಟ್ಟಬೇಕು. ಒಂದು ಸಾಲಿನ ಪತ್ರವೂ ಒಂದು ಪುಟ, ಪೂರ್ತಿ ಬಣ್ಣ ತುಂಬಿದ ಫೋಟೋವೂ ಒಂದೇ ಪುಟ. ಮಕ್ಕಳ ಪ್ರಾಜೆಕ್ಟು, ಫೋಟೋ ಅಂತ ಕಲರ್ ಪ್ರಿಂಟ್ ಜಾಸ್ತಿ ತೆಗೆಯುತ್ತಿದ್ದಾಗ ನಿಜವಾಗಿಯೂ ಅಗ್ಗ ಬಿತ್ತು. ಇಂಕ್ ಮುಗಿಯುತ್ತಾ ಬಂದರೆ ಪ್ರಿಂಟರ್ ತಾನೇ ಇಂಟರ್ನೆಟ್ ಮೂಲಕ ತಿಳಿಸುತ್ತದೆ, ಹೊಸ ಕಾರ್ಟ್ರಿಜ್ ಮನೆಗೆ ಬರುತ್ತದೆ. ಮೊದಲ ವರ್ಷ ಕೇಳಿದವರಿಗೆಲ್ಲ ಇದನ್ನೇ ತಗೊಳ್ಳಿ ಅಂದಿದ್ದೆ.

ಎರಡನೇ ವರ್ಷ ನನ್ನ ಬ್ಯಾಂಕ್ ಕಾರ್ಡಿನ ಅವಧಿ ಮುಗಿಯಿತು, ಹೊಸ ನಂಬರ್ ಹಾಕೋದು ಮರೆತೆ. ಒಂದು ರಾತ್ರಿ, ಬೆಳಿಗ್ಗೆ ಕೊಡಬೇಕಿದ್ದ ಅರ್ಜಿಯನ್ನು ಪ್ರಿಂಟ್‌ಗೆ ಹಾಕಿದರೆ ಹಣ ಬಂದಿಲ್ಲ ಅಂತ ಪ್ರಿಂಟರ್ ನಿಂತೇಬಿಟ್ಟಿತು. ಕಾರ್ಟ್ರಿಜ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಕ್ ಇತ್ತು! ಪ್ರಿಂಟರ್ ನನ್ನದು, ಕಾಗದ ನನ್ನದು, ಕರೆಂಟ್ ನನ್ನದು, ಆದರೂ ಒಂದು ಹಾಳೆ ಆಚೆ ಬರಲಿಲ್ಲ. ಆಗ ಕೂತು ನಿಯಮ ಓದಿದೆ. ಇಂಕನ್ನು ಅವರು ನನಗೆ ಮಾರಿರಲೇ ಇಲ್ಲ. ಪ್ಲಾನ್ ನಿಲ್ಲಿಸಿದರೆ ಅವರು ಕಳಿಸಿದ ಕಾರ್ಟ್ರಿಜ್ ತುಂಬಿದ್ದರೂ ಕೆಲಸ ಮಾಡುವುದಿಲ್ಲ. ಇದನ್ನು ಕೊಳ್ಳುವಾಗಲೇ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು ಅಲ್ವಾ?

ಪ್ರಿಂಟರ್ ಒಂದೇ ಅಲ್ಲ. ಅಡೋಬಿ ಕಂಪನಿ 2013ರಲ್ಲೇ ಫೋಟೋ ತಿದ್ದುವ ತನ್ನ ಸಾಫ್ಟ್‌ವೇರ್ ಫೋಟೋಶಾಪ್‌ನ ಹೊಸ ಆವೃತ್ತಿಗಳನ್ನು ಸಬ್‌ಸ್ಕ್ರಿಪ್ಶನ್‌ಗೆ ಬದಲಾಯಿಸಿತು. ಬಿಎಂಡಬ್ಲ್ಯೂ 2022ರಲ್ಲಿ ಕೆಲವು ದೇಶಗಳಲ್ಲಿ ಕಾರಿನ ಸೀಟು ಬಿಸಿ ಮಾಡುವ ಸೌಲಭ್ಯಕ್ಕೂ ತಿಂಗಳ ಬಾಡಿಗೆ ಇಟ್ಟಿತ್ತು. ಬಿಸಿ ಮಾಡುವ ಯಂತ್ರ ಆಗಲೇ ಸೀಟಿನೊಳಗೆ ಇತ್ತು, ಚಾಲೂ ಮಾಡೋಕೆ ಮಾತ್ರ ದುಡ್ಡು. ಜನ ರೇಗಿದರು, ಮುಂದಿನ ವರ್ಷ ಕಂಪನಿ ಅದನ್ನು ಕೈಬಿಟ್ಟಿತು. ನಾವೂ ಸುಮ್ನೆ ಇರಬಾರದು ಅಂತ ನನಗೆ ಅನಿಸಿದ್ದು ಆ ಸುದ್ದಿ ಓದಿದ ಮೇಲೆಯೇ.

ಮೂರನೇ ವರ್ಷ ಮನೆಯಲ್ಲಿ ಪ್ರಿಂಟ್ ಕಡಿಮೆಯಾಯಿತು. ತಿಂಗಳಿಗೆ ನಾಲ್ಕೈದು ಪುಟ ತೆಗೆದರೂ ದುಡ್ಡು ಅಷ್ಟೇ. ಉಳಿದ ಪುಟಗಳು ಮುಂದಿನ ತಿಂಗಳಿಗೆ ಸೇರುತ್ತವೆ, ಅದಕ್ಕೂ ಒಂದು ಮಿತಿ ಇದೆ. ಕೊನೆಗೆ ಪ್ಲಾನ್ ನಿಲ್ಲಿಸಿ ಮಾಮೂಲಿ ಕಾರ್ಟ್ರಿಜ್ ಹಾಕಿದೆ. ಅದು ದುಬಾರಿ, ನಿಜ. ಆದರೆ ಕೊನೇ ಹನಿವರೆಗೂ ನನ್ನದು.

ಪ್ರತಿ ತಿಂಗಳೂ ತುಂಬಾ ಕಲರ್ ಪ್ರಿಂಟ್ ತೆಗೆಯುವವರು ತಗೊಳ್ಳಬಹುದು. ಉಳಿದವರು ಬೇಡ. ತಗೊಂಡರೂ, ಸಬ್‌ಸ್ಕ್ರಿಪ್ಶನ್ ನಿಲ್ಲಿಸಿದ ಮೇಲೆ ಅಂಗಡಿಯ ಮಾಮೂಲಿ ಕಾರ್ಟ್ರಿಜ್ ಆ ಪ್ರಿಂಟರಿಗೆ ನಡೆಯುತ್ತದಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.